ಲಕೋಟೆಯ ತೂಕ

ದಾವಣಗೆರೆಯ ಬಟ್ಟೆ ವ್ಯಾಪಾರಿಯೊಬ್ಬರು ಸೂರತ್ತಿನ ಗಿರಣಿಗೆ ಮೂರು ಲಕ್ಷ ರೂಪಾಯಿ ಕಳಿಸಬೇಕು. ಬ್ಯಾಂಕಿನ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಪಕ್ಕದಲ್ಲಿ ಆರ್‌ಟಿಜಿಎಸ್ ಫಾರಂಗಳ ಕಟ್ಟು. ಕಳಿಸುವವರ ಹೆಸರು, ಖಾತೆ ಸಂಖ್ಯೆ, ಪಡೆಯುವವರ ಹೆಸರು, ಅವರ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ ಅಂಕಿಯಲ್ಲಿ, ಮೊತ್ತ ಅಕ್ಷರದಲ್ಲಿ. ಕೌಂಟರಿನವರು ಫಾರಂ ಮತ್ತು ಚೆಕ್ಕನ್ನು ತಾಳೆ ನೋಡಿ, ಕಂಪ್ಯೂಟರಿಗೆ ತುಂಬಿ, ಹರಿದುಕೊಟ್ಟ ಚೂರಿನ ಮೇಲೆ ಸೀಲು ಒತ್ತುತ್ತಾರೆ. ವ್ಯಾಪಾರಿ ಮೆಟ್ಟಿಲಿಳಿದು ಬೆಣ್ಣೆದೋಸೆ ಹೋಟೆಲಿನ ಕಡೆ ತಿರುಗುವ ಹೊತ್ತಿಗೆ ಆ ಫಾರಂ ಬೇರೊಂದು ವೇಷ ತೊಟ್ಟು ಊರು ಬಿಟ್ಟಿರುತ್ತದೆ. ರಿಸರ್ವ್ ಬ್ಯಾಂಕು 2013ರ ಅಕ್ಟೋಬರಿನಲ್ಲಿ ಹೊಸ ಆರ್‌ಟಿಜಿಎಸ್ ವ್ಯವಸ್ಥೆಯನ್ನು ಚಾಲೂ ಮಾಡಿದಂದಿನಿಂದ ಇಂಥ ಸಂದೇಶಗಳು ಐಎಸ್‌ಒ 20022 ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ ಓಡಾಡುತ್ತವೆ. ಆ ಮಾದರಿಯ ಸಂದೇಶ ಬರೆಯುವುದು ಎಕ್ಸ್‌ಎಂಎಲ್ ಎಂಬ ಲಿಪಿಕ್ರಮದಲ್ಲಿ. ಕಾಗದದ ಫಾರಂನಲ್ಲಿ ಎಷ್ಟು ಖಾನೆಗಳಿದ್ದವೋ ಅಷ್ಟಕ್ಕೂ ಅಲ್ಲಿ ಒಂದೊಂದು ಹೆಸರು, ಒಂದೊಂದು ಬೇಲಿ.

ಎಕ್ಸ್‌ಎಂಎಲ್ ಕಾಗದವಾದರೆ ಅದನ್ನು ಹಾಕಿ ಕಳಿಸಲು ಮಾಡಿದ ಲಕೋಟೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು, ಹೆಚ್ಚು ಬೈಸಿಕೊಂಡದ್ದು, ಸೋಪ್. ಕೈ ತೊಳೆಯುವ ಸೋಪಿಗೂ ಇದಕ್ಕೂ ನಂಟಿಲ್ಲ. ಬ್ಯಾಂಕು, ವಿಮೆ, ತೆರಿಗೆ, ದೂರಸಂಪರ್ಕ ಕ್ಷೇತ್ರಗಳ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯ ವ್ಯವಸ್ಥೆಗಳ ಒಳಗೆ ಇವತ್ತಿಗೂ ಸೋಪ್ ಲಕೋಟೆಗಳು ಹಗಲಿರುಳು ಓಡಾಡುತ್ತಿವೆ. ಆದರೂ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಪಾಲಿಗೆ ಅದೊಂದು ಅಜ್ಜನ ಕಾಲದ ಟ್ರಂಕು: ತೂಕ ಜಾಸ್ತಿ, ಬೀಗ ಜಾಸ್ತಿ, ಒಳಗಿರುವುದು ಮಾತ್ರ ಎರಡು ಪಂಚೆ. ಈ ಹಾಸ್ಯದಲ್ಲಿ ಅರ್ಧ ನಿಜವಿದೆ. ಸೋಪ್‌ನ ತೂಕದಲ್ಲಿ ಹೆಚ್ಚಿನ ಪಾಲು, ಪರಸ್ಪರ ಪರಿಚಯವಿಲ್ಲದವರು ಮೊದಲೇ ಬರೆದುಕೊಂಡ ಕರಾರಿನ ತೂಕ. ಅದನ್ನು ಎಲ್ಲಾದರೂ ಹೊರಲೇಬೇಕು. ಉಳಿದ ಪಾಲು ವ್ಯರ್ಥ, ಮತ್ತು ಅದು ಬಂದದ್ದು ಒಂದು ತಪ್ಪು ಕಲ್ಪನೆಯಿಂದ. ಕಾಗದ ಕಳಿಸುವ ಸಾಧನವನ್ನು ಜಾವಾ ಜಗತ್ತು ಬಹಳ ವರ್ಷ ಪಕ್ಕದ ಕೋಣೆಯವರನ್ನು ಕೂಗಿ ಕರೆಯುವ ಸಾಧನ ಎಂದುಕೊಂಡಿತ್ತು.

ಹೆಸರಿಟ್ಟ ಖಾನೆಗಳು

ಎಕ್ಸ್‌ಎಂಎಲ್‌ನ ಬೇರು ಮುದ್ರಣ ಲೋಕದಲ್ಲಿದೆ. ಸಾವಿರಾರು ಪುಟಗಳ ಕೈಪಿಡಿಗಳನ್ನು ಕಂಪ್ಯೂಟರಿನಲ್ಲಿ ಇಡುವಾಗ ಯಾವುದು ಅಧ್ಯಾಯದ ಹೆಸರು, ಯಾವುದು ಅಡಿಟಿಪ್ಪಣಿ ಎಂದು ಗುರುತು ಹಾಕಲು ಎಸ್‌ಜಿಎಂಎಲ್ ಎಂಬ ಕ್ರಮ 1986ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿತ್ತು. ಅದು ಬಲು ಜಟಿಲ. ಅದನ್ನು ವೆಬ್‌ಗೆ ಹೊಂದುವಂತೆ ತೆಳುಗೊಳಿಸುವ ಕೆಲಸವನ್ನು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಬೋಸಾಕ್ ಮುಂದಾಳತ್ವದ ಗುಂಪೊಂದು ಕೈಗೆತ್ತಿಕೊಂಡಿತು. 1998ರ ಫೆಬ್ರುವರಿ 10ರಂದು ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ ಎಕ್ಸ್‌ಎಂಎಲ್‌ಗೆ ಮುದ್ರೆ ಒತ್ತಿತು. ಜಾವಾ ಹುಟ್ಟಿದ ಮನೆಯೂ ಸನ್ ಸಂಸ್ಥೆಯೇ. ಹಾಗಾಗಿ ಇವೆರಡರ ಜೋಡಿ ಮೊದಲಿನಿಂದಲೂ ಗಟ್ಟಿ.

ಬಳಸುವ ಬಗೆ ಸರಳ. ಪ್ರತಿ ಮಾಹಿತಿಯ ಮುಂದೊಂದು ತೆರೆಯುವ ಟ್ಯಾಗ್, ಹಿಂದೊಂದು ಮುಚ್ಚುವ ಟ್ಯಾಗ್. ಈ ಟ್ಯಾಗ್‌ಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಂತಿಲ್ಲ. ಹೆಸರುಗಳಿಗೆ ಯೂನಿಕೋಡ್ ಅಕ್ಷರಗಳನ್ನು ಮೊದಲ ದಿನದಿಂದಲೇ ಒಪ್ಪಿದ್ದರಿಂದ, <ಬಿಲ್ಲು><ಮೊತ್ತ>2500</ಮೊತ್ತ></ಬಿಲ್ಲು> ಎಂಬ ಸಾಲು ನೂರಕ್ಕೆ ನೂರು ಸಿಂಧುವಾದ ಎಕ್ಸ್‌ಎಂಎಲ್. ಎಕ್ಸ್‌ಎಂಎಲ್ ಓದಿ ಬಿಡಿಸುವ ಪ್ರೋಗ್ರಾಂಗೆ ಪಾರ್ಸರ್ ಎನ್ನುತ್ತಾರೆ; ಜಾವಾದ ಯಾವ ಪಾರ್ಸರ್‌ಗೆ ಕೊಟ್ಟರೂ ಗೊಣಗದೆ ಓದುತ್ತದೆ. 2500 ಎಂಬ ಅಂಕಿ ತಾನೇನೆಂದು ತಾನೇ ಹೇಳಿಕೊಳ್ಳುತ್ತಿದೆ: ನಾನು ಮೊತ್ತ, ಒಂದು ಬಿಲ್ಲಿಗೆ ಸೇರಿದವನು.

ಇಷ್ಟು ಹೇಳಿಕೊಂಡರೆ ಸಾಲದು. ಆ ಮೊತ್ತ ರೂಪಾಯಿಯೋ ಡಾಲರೋ? ಪೈಸೆ ಬರೆಯಬಹುದೇ? ಖಾನೆ ಖಾಲಿ ಬಿಡಬಹುದೇ? 3/4 ಎಂದರೆ ಏಪ್ರಿಲ್ ಮೂರೋ, ಅಮೆರಿಕದವರು ಓದುವಂತೆ ಮಾರ್ಚ್ ನಾಲ್ಕೋ? ಇಂಥ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಡುವ ದಸ್ತಾವೇಜಿಗೆ ಸ್ಕೀಮಾ ಎನ್ನುತ್ತಾರೆ. ಅದರ ಮಾನಕ 2001ರ ಮೇ ತಿಂಗಳಲ್ಲಿ ಬಂತು. ಬಂದ ಕಾಗದವನ್ನು ಸ್ಕೀಮಾಕ್ಕೆ ಒಡ್ಡಿದರೆ ದಿನಾಂಕದ ಖಾನೆಯಲ್ಲಿ 'ನಾಳೆ' ಎಂದು ಬರೆದವರ ಅರ್ಜಿ ಹೊಸ್ತಿಲಲ್ಲೇ ವಾಪಸ್ಸಾಗುತ್ತದೆ. ಉಪನೋಂದಣಿ ಕಚೇರಿಯಲ್ಲಿ ಫಾರಂ ಸರಿಯಿಲ್ಲವೆಂದು ಕಿಟಕಿಯಲ್ಲೇ ತಿರುಗಿಸುವವರು ಜನಪ್ರಿಯರಲ್ಲ. ಆದರೆ ಅವರಿಲ್ಲದ ಕಚೇರಿಯ ದಾಖಲೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಗೋಡೆಯಲ್ಲಿ ಒಂದೇ ಕಿಂಡಿ

ಕಾಗದ ಸಿದ್ಧ, ಕಳಿಸುವುದು ಹೇಗೆ? ತೊಂಬತ್ತರ ದಶಕದಲ್ಲಿ ಇದಕ್ಕೆ ಹಲವು ಉತ್ತರಗಳಿದ್ದವು. ಮೈಕ್ರೋಸಾಫ್ಟ್‌ನದು ಡಿಕಾಮ್, ಹಲವು ಕಂಪನಿಗಳು ಸೇರಿ ಕಟ್ಟಿದ್ದು ಕೋರ್ಬಾ, ಜಾವಾದ ಸ್ವಂತದ್ದು ಆರ್‌ಎಂಐ. ಮೂರೂ ತಮ್ಮ ತಮ್ಮ ಅಂಗಳದಲ್ಲಿ ಶೂರರು. ತೊಂದರೆ ಶುರುವಾಗುತ್ತಿದ್ದುದು ಕಾಂಪೌಂಡ್ ದಾಟುವಾಗ. ಜಾವಾದ ಆರ್‌ಎಂಐ ಸಂದೇಶ ವಿಂಡೋಸ್‌ನ ಡಿಕಾಮ್‌ಗೆ ಅರ್ಥವಾಗದು. ಅದಕ್ಕಿಂತ ದೊಡ್ಡ ಅಡ್ಡಿ ಫೈರ್‌ವಾಲ್. ಸಂಸ್ಥೆಗಳು ಇಂಟರ್ನೆಟ್ಟಿಗೆ ತೆರೆದುಕೊಂಡಂತೆ ಭದ್ರತೆಯವರು ಒಂದೊಂದೇ ಕಿಂಡಿ ಮುಚ್ಚಿದರು. ಬಹುತೇಕ ಎಲ್ಲ ಕಡೆ ತೆರೆದೇ ಉಳಿದದ್ದು ವೆಬ್ ಪುಟಗಳು ಬಂದುಹೋಗುವ 80ನೇ ಪೋರ್ಟ್. ಹಾಗಾದರೆ ವೆಬ್ ಪುಟದ ವೇಷದಲ್ಲಿ ಎಕ್ಸ್‌ಎಂಎಲ್ ಕಳಿಸಿದರಾಯಿತಲ್ಲ ಎಂಬುದೇ ಸೋಪ್‌ನ ಮೂಲ ಉಪಾಯ. 1998ರಲ್ಲಿ ಡೇವ್ ವೈನರ್, ಡಾನ್ ಬಾಕ್ಸ್ ಮತ್ತು ಮೈಕ್ರೋಸಾಫ್ಟ್‌ನ ಇಬ್ಬರು ಎಂಜಿನಿಯರುಗಳು ಸೇರಿ ಇದರ ಮೊದಲ ರೂಪ ಬರೆದರು. 2000ದ ಮೇ ತಿಂಗಳಲ್ಲಿ 1.1ನೇ ಆವೃತ್ತಿ ಡಬ್ಲ್ಯು3ಸಿ ಮುಂದೆ ಬಂದಾಗ ಐಬಿಎಂ ಕೂಡ ಅದಕ್ಕೆ ಸಹಿ ಹಾಕಿತ್ತು. ಮೈಕ್ರೋಸಾಫ್ಟ್ ಹೆಸರಿನ ಪಕ್ಕದಲ್ಲಿ ಐಬಿಎಂ ಹೆಸರು ಕಂಡದ್ದೇ ಆಗಿನ ಕಾಲಕ್ಕೆ ಸುದ್ದಿ.

ಸೋಪ್ ಎಂಬ ಹೆಸರಿನ ಮೊದಲಕ್ಷರ 'ಸಿಂಪಲ್' ಎಂಬುದರದ್ದು, ಎರಡನೆಯದು 'ಆಬ್ಜೆಕ್ಟ್' ಎಂಬುದರದ್ದು. 2003ರ ಜೂನ್‌ನಲ್ಲಿ 1.2ನೇ ಆವೃತ್ತಿ ಪೂರ್ಣ ಮಾನಕವಾದಾಗ, ಈ ಹೆಸರಿಗೆ ಇನ್ನು ಮುಂದೆ ವಿಸ್ತೃತ ರೂಪವಿಲ್ಲ ಎಂದು ಮಾನಕದಲ್ಲೇ ಬರೆದರು. ಸರಳ ಎಂಬ ಮಾತು ಆಗಲೇ ನಗೆಪಾಟಲಾಗಿತ್ತು, ನಿಜ. ನನ್ನ ಪ್ರಕಾರ ಬಿಡಲೇಬೇಕಾಗಿದ್ದ ಪದ ಎರಡನೆಯದು. ಅದಕ್ಕೆ ಮುಂದೆ ಬರುತ್ತೇನೆ.

ಲಕೋಟೆಯ ರಚನೆ ಹೀಗೆ. ಹೊರಗಿನ ಟ್ಯಾಗ್‌ನ ಹೆಸರೇ ಎನ್ವಲಪ್. ಒಳಗೆ ಎರಡು ಭಾಗ: ಹೆಡರ್ ಮತ್ತು ಬಾಡಿ. ಯಾರ ಸಹಿ, ಯಾವ ಗುರುತು ಚೀಟಿ, ಎಷ್ಟು ಹೊತ್ತಿನ ತನಕ ಸಿಂಧು ಎಂಬಂಥ ವಿವರ ಹೆಡರ್‌ಗೆ. ನಿಜವಾದ ಕಾಗದ ಬಾಡಿಗೆ. ಏನಾದರೂ ಎಡವಟ್ಟಾದರೆ ಬಾಡಿಯಲ್ಲಿ ಫಾಲ್ಟ್ ಎಂಬ ನಿಗದಿತ ನಮೂನೆಯ ಉತ್ತರ ಬರುತ್ತದೆ. ಇದರೊಂದಿಗೆ ಡಬ್ಲ್ಯುಎಸ್‌ಡಿಎಲ್ ಎಂಬ ಇನ್ನೊಂದು ದಸ್ತಾವೇಜು ಇರುತ್ತದೆ. ಡೆವಲಪರ್‌ಗಳ ಬಾಯಲ್ಲಿ ಅದು 'ವಿಜ್‌ಡಲ್'. ಯಾವ ವಿಳಾಸಕ್ಕೆ, ಯಾವ ಯಾವ ಕಾಗದ ಕಳಿಸಬಹುದು, ಪ್ರತಿಯೊಂದಕ್ಕೂ ಯಾವ ನಮೂನೆಯ ಉತ್ತರ ಬರುತ್ತದೆ ಎಂಬುದೆಲ್ಲ ಅದರಲ್ಲಿ. ಕರಾರು ಎಂದೆನಲ್ಲ, ಅದು ಇದೇ.

ಲಕೋಟೆಯ ಕಲ್ಪನೆ ನಮ್ಮ ಊರಿನ ಅಂಗಡಿಗೂ ಹೊರತಲ್ಲ. ಬೆಂಗಳೂರಿನ ಟ್ಯಾಲಿ ತಂತ್ರಾಂಶವನ್ನು ಲೆಕ್ಕ ಬರೆಯುವವರು ಯಾರು ಕಂಡಿಲ್ಲ? ಹೊರಗಿನ ಒಂದು ಪ್ರೋಗ್ರಾಂ ಅದಕ್ಕೆ ವೋಚರ್ ಕಳಿಸಬೇಕಾದರೆ ವೆಬ್ ಪುಟಗಳು ಬಳಸುವ ಎಚ್‌ಟಿಟಿಪಿ ಮೂಲಕ, ಸಾಮಾನ್ಯವಾಗಿ 9000ನೇ ಪೋರ್ಟ್‌ಗೆ, ಒಂದು ಎಕ್ಸ್‌ಎಂಎಲ್ ಕಳಿಸಬೇಕು. ಅದರ ಹೊರ ಟ್ಯಾಗ್ ಎನ್ವಲಪ್, ಒಳಗೆ ಹೆಡರ್ ಮತ್ತು ಬಾಡಿ. ಅದು ಸೋಪ್ ಅಲ್ಲ, ವಿಜ್‌ಡಲ್ ಕೂಡ ಇಲ್ಲ. ವಿಳಾಸದ ಮಾತನ್ನೂ ವಿಷಯದ ಮಾತನ್ನೂ ಬೇರೆ ಬೇರೆ ಇಡಬೇಕೆಂಬ ವಿವೇಕ ಮಾತ್ರ ಅದೇ.

ದೂರವನ್ನು ಮರೆಮಾಚಿದ ತಪ್ಪು

ಈಗ ಆ 'ಆಬ್ಜೆಕ್ಟ್' ಪದಕ್ಕೆ ಬರೋಣ. ಜಾವಾ ಪ್ರೋಗ್ರಾಂ ಬರೆಯುವವರು ದಿನವಿಡೀ ಆಬ್ಜೆಕ್ಟ್‌ಗಳ, ಅಂದರೆ ಮಾಹಿತಿಯನ್ನೂ ಅದರ ಮೇಲೆ ನಡೆಸುವ ಕೆಲಸಗಳನ್ನೂ (ಮೆಥಡ್) ಒಟ್ಟಿಗೆ ಕಟ್ಟಿದ ಘಟಕಗಳ, ನಡುವೆ ಬದುಕುತ್ತಾರೆ. ಒಂದು ಆಬ್ಜೆಕ್ಟ್‌ನ ಮೆಥಡ್ ಕರೆದರೆ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಸಾವಿರ ಮೈಲಿ ಆಚೆಗಿನ ಕಂಪ್ಯೂಟರನ್ನೂ ಹಾಗೆಯೇ ಕರೆಯುವಂತಾದರೆ ಎಷ್ಟು ಹಾಯೆನಿಸೀತು! 2002ರಲ್ಲಿ ಬಂದ ಜಾಕ್ಸ್-ಆರ್‌ಪಿಸಿ ಎಂಬ ಜಾವಾ ಮಾನಕ ಕೊಟ್ಟ ಆಸೆ ಇದೇ. ಎಕ್ಸ್‌ಎಂಎಲ್ ನಿಮ್ಮ ಕಣ್ಣಿಗೇ ಬೀಳುವುದಿಲ್ಲ, ನೀವು ಮೆಥಡ್ ಕರೆಯಿರಿ, ಮಿಕ್ಕದ್ದು ನಮಗಿರಲಿ. ವಿಪರ್ಯಾಸವೆಂದರೆ ಇದು ಕೆಲಸಕ್ಕೆ ಬಾರದು ಎಂದು ಸನ್ ಸಂಸ್ಥೆಯ ಪ್ರಯೋಗಾಲಯದವರೇ 1994ರಲ್ಲಿ ಬರೆದಿಟ್ಟಿದ್ದರು. ಜಿಮ್ ವಾಲ್ಡೋ ಮತ್ತು ಮೂವರು ಸಹೋದ್ಯೋಗಿಗಳ ಆ ಪ್ರಬಂಧದ ವಾದ ಹೀಗಿತ್ತು: ದೂರದ ಕರೆಗೆ ಹಿಡಿಯುವ ಸಮಯವೇ ಬೇರೆ, ಇಬ್ಬರಿಗೂ ಒಂದೇ ಮೆಮೊರಿ ಇರುವುದಿಲ್ಲ, ಹಲವು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಅರ್ಧ ಕೆಟ್ಟು ಅರ್ಧ ನಡೆಯುವ ಸ್ಥಿತಿ ಅಲ್ಲಿ ಮಾಮೂಲು. ಹತ್ತಿರದ ಮತ್ತು ದೂರದ ಆಬ್ಜೆಕ್ಟ್‌ಗಳನ್ನು ಒಂದೇ ಎಂದು ನಟಿಸಿದರೆ ಆ ನಟನೆ ದೊಡ್ಡ ವ್ಯವಸ್ಥೆಯಲ್ಲಿ ನಿಲ್ಲದು.

ನಿಲ್ಲಲೂ ಇಲ್ಲ. ಸೋಪ್ 1.1ರ ಐದನೇ ಸೆಕ್ಷನ್‌ನಲ್ಲಿ ಆಬ್ಜೆಕ್ಟ್‌ಗಳನ್ನು ಎಕ್ಸ್‌ಎಂಎಲ್ ಆಗಿ ಮಾರ್ಪಡಿಸುವ ಒಂದು ಕ್ರಮವಿತ್ತು. ಅದನ್ನು ಒಂದೊಂದು ಸಾಫ್ಟ್‌ವೇರ್ ಕಂಪನಿ ಒಂದೊಂದು ರೀತಿ ಅರ್ಥ ಮಾಡಿಕೊಂಡಿತು. ಜಾವಾದ ಹ್ಯಾಶ್‌ಮ್ಯಾಪ್ ಎಂಬ ದಾಸ್ತಾನು ಪೆಟ್ಟಿಗೆಯನ್ನು ಇದ್ದಂತೆಯೇ ಕಳಿಸಿದರೆ ಆ ಕಡೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬರೆದ ಪ್ರೋಗ್ರಾಂಗೆ ಅದು ಏನೆಂದೇ ತಿಳಿಯುತ್ತಿರಲಿಲ್ಲ. ಎರಡು ಕಂಪನಿಗಳ ನಡುವೆ ಭಾಷಾಂತರಕಾರ ಆಗಬೇಕಿದ್ದ ಸೋಪ್‌ಗೇ ಭಾಷಾಂತರಕಾರ ಬೇಕಾಯಿತು. ಈ ಗೋಜಲು ಬಿಡಿಸಲೆಂದೇ 2002ರಲ್ಲಿ ಕಂಪನಿಗಳೆಲ್ಲ ಸೇರಿ ಡಬ್ಲ್ಯುಎಸ್-ಐ ಎಂಬ ಒಕ್ಕೂಟ ಕಟ್ಟಿಕೊಂಡವು. ಅದು 2004ರಲ್ಲಿ ಪ್ರಕಟಿಸಿದ ಬೇಸಿಕ್ ಪ್ರೊಫೈಲ್ ಆ ಐದನೇ ಸೆಕ್ಷನ್ ಬಳಕೆಯನ್ನೇ ನಿಷೇಧಿಸಿತು. ಉಳಿದುಕೊಂಡ ದಾರಿಗಳಲ್ಲಿ ಜನ ಹಿಡಿದದ್ದು ಡಾಕ್ಯುಮೆಂಟ್-ಲಿಟರಲ್ ಎಂಬುದನ್ನು. ಎಂದರೆ, ಬಾಡಿಯ ಒಳಗೆ ಇರುವುದು ಸ್ಕೀಮಾಕ್ಕೆ ಒಪ್ಪುವ ಒಂದು ಕಾಗದ, ಅಕ್ಷರಶಃ. ಅದನ್ನು ತೆರೆದು ಜಾವಾ ಆಬ್ಜೆಕ್ಟ್ ಮಾಡಿಕೊಳ್ಳುತ್ತೀರೋ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೀರೋ, ಅದು ಪಡೆದವರ ಮನೆ ಒಳಗಿನ ವಿಚಾರ. 2006ರಲ್ಲಿ ಜಾಕ್ಸ್-ಆರ್‌ಪಿಸಿಯ ಜಾಗಕ್ಕೆ ಜಾಕ್ಸ್-ಡಬ್ಲ್ಯುಎಸ್ ಬಂತು. ಹೆಸರಿನಿಂದ 'ಆರ್‌ಪಿಸಿ', ಅಂದರೆ ದೂರದ ಕರೆ ಎಂಬರ್ಥದ ತುಣುಕು, ಬಿದ್ದುಹೋದದ್ದು ಆಕಸ್ಮಿಕವಲ್ಲ. ಅದೇ ವರ್ಷದ ಡಿಸೆಂಬರಿನ ಜಾವಾ 6ರಲ್ಲಿ ಅದು ಭಾಷೆಯ ಜೊತೆಗೇ ಸಿಗತೊಡಗಿತು.

ಪತ್ರದೊಳಗೊಂದು ಪತ್ರ

ಆದರೂ ಹಳೆಯ ಚಾಳಿ ಬೇರೆ ವೇಷದಲ್ಲಿ ಉಳಿದುಕೊಂಡಿದೆ. ಜಾವಾದಲ್ಲಿ ಸೋಪ್ ಮೂಲಕ ಎಕ್ಸ್‌ಎಂಎಲ್ ಕಳಿಸುವವರು ಅತಿ ಸುಲಭವೆಂದು ಹಿಡಿಯುವ ದಾರಿ ಇದು: ಕರಾರಿನಲ್ಲಿ ಒಂದೇ ಖಾನೆ, ಅದರ ಬಗೆ 'ಸ್ಟ್ರಿಂಗ್', ಅಂದರೆ ಬರಿ ಅಕ್ಷರಗಳ ಸಾಲು. ಇಡೀ ಬಿಲ್ಲನ್ನು ಎಕ್ಸ್‌ಎಂಎಲ್ ಆಗಿ ಹೊಲಿದು ಆ ಒಂದು ಖಾನೆಗೆ ತುರುಕಿಬಿಡುವುದು. ಮೇಲಿನ ನಮ್ಮ ಪುಟ್ಟ ಬಿಲ್ಲನ್ನೇ ಹೀಗೆ ಕಳಿಸಿದರೆ ಏನಾಗುತ್ತದೆ ನೋಡಿ. ಹೊರಗಿನ ಕಾಗದದ ಟ್ಯಾಗ್ ಯಾವುದು, ಒಳಗೆ ತುರುಕಿದ್ದು ಯಾವುದು ಎಂದು ಪಾರ್ಸರ್ ಗೊಂದಲಕ್ಕೆ ಬೀಳಬಾರದಲ್ಲ. ಅದಕ್ಕಾಗಿ ಒಳಗಿನ ಪ್ರತಿಯೊಂದು ತೆರೆಯುವ ಕೋನಾವರಣದ ಜಾಗಕ್ಕೆ ಆಂಪರ್ಸೆಂಡ್, ಎಲ್, ಟಿ, ಸೆಮಿಕೋಲನ್ ಎಂಬ ನಾಲ್ಕು ಚಿಹ್ನೆಗಳು ಬಂದು ಕೂರುತ್ತವೆ. ಒಳಗಿನ ಬಿಲ್ಲಿನೊಳಗೆ ಇನ್ನೊಂದು ಎಕ್ಸ್‌ಎಂಎಲ್ ಇದ್ದರೆ ಆ ಆಂಪರ್ಸೆಂಡ್‌ಗೂ ಇನ್ನೊಂದು ಹೊದಿಕೆ. ಎರಡು ದಿನ ಬಿಟ್ಟು ಲಾಗ್ ತೆಗೆದು ನೋಡಿದವರಿಗೆ ಕಾಣುವುದು ಬಿಲ್ಲಲ್ಲ, ಚಿಹ್ನೆಗಳ ಸಂತೆ.

ಓದಲು ಕಷ್ಟ ಎಂಬುದು ಸಣ್ಣ ದೂರು. ದೊಡ್ಡದು, ಕರಾರು ಅಲ್ಲೇ ಸತ್ತುಹೋಯಿತು ಎಂಬುದು. 'ಒಂದು ಸ್ಟ್ರಿಂಗ್ ಕೊಡಿ' ಎಂದಷ್ಟೇ ಹೇಳುವ ವಿಜ್‌ಡಲ್, 'ಏನೋ ಒಂದು ಕಾಗದ ಕೊಡಿ' ಎನ್ನುವ ಕಚೇರಿಯಂತೆ. ಒಳಗೆ ಮೊತ್ತದ ಖಾನೆ ಇದೆಯೋ ಇಲ್ಲವೋ ಕಿಟಕಿಯಲ್ಲಿ ಯಾರೂ ನೋಡುವುದಿಲ್ಲ. ಕೆಟ್ಟದ್ದು ಪತ್ತೆಯಾಗುವುದು ಒಳಗೆಲ್ಲೋ ಲೆಕ್ಕದ ಮೇಜಿನಲ್ಲಿ, ತಡವಾಗಿ. ಲಕೋಟೆಯ ತೂಕವನ್ನೂ ಹೊತ್ತು, ಅದರ ಲಾಭವನ್ನೂ ಬಿಟ್ಟುಕೊಟ್ಟಂತೆ. ಸೋಪ್ ದಂಡ ಎಂದು ಬಯ್ಯುವವರಲ್ಲಿ ಅನೇಕರು ಕಂಡಿರುವುದು ಈ ಬಗೆಯ ಸೋಪನ್ನೇ.

ಇದರಲ್ಲಿ ಕನ್ನಡದ ಪಾಲೂ ಇದೆ. ಒಳಗಿನ ಬಿಲ್ಲಿನಲ್ಲಿ ಗಿರಾಕಿಯ ಹೆಸರು 'ಶಂಕರಪ್ಪ' ಎಂದಿರಲಿ. ಯೂನಿಕೋಡ್ ಲೆಕ್ಕದಲ್ಲಿ ಅದು ಏಳು ಚಿಹ್ನೆ. ಶ, ಅನುಸ್ವಾರ, ಕ, ರ, ಪ, ವಿರಾಮ, ಮತ್ತೆ ಪ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್‌ನಂತೆ ಇಪ್ಪತ್ತೊಂದು ಬೈಟ್. ಎಕ್ಸ್‌ಎಂಎಲ್ ಪಾರ್ಸರ್ ಈ ಲೆಕ್ಕವನ್ನು ತಾನೇ ನಿಭಾಯಿಸುತ್ತದೆ. ಕೈಯಾರೆ ಸ್ಟ್ರಿಂಗ್ ಹೊಲಿದು ಬೈಟ್ ಮಾಡುವವರು ಮಾತ್ರ ಯಾವ ಲಿಪಿಕ್ರಮ ಎಂದು ಹೇಳಲು ಮರೆಯುತ್ತಾರೆ. ಆಗ ಜಾವಾ ಆ ಯಂತ್ರದಲ್ಲಿ ಏನಿದೆಯೋ ಅದನ್ನೇ ಹಿಡಿಯುತ್ತಿತ್ತು. ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಗೊತ್ತಿರುವ ವಿಂಡೋಸ್ ಸರ್ವರ್ ಆಗಿದ್ದರೆ ಶಂಕರಪ್ಪ ಹೋಗಿ ಸಾಲಾಗಿ ಏಳು ಪ್ರಶ್ನಾರ್ಥಕ ಚಿಹ್ನೆ! ಎಲ್ಲ ಯಂತ್ರಗಳಲ್ಲೂ ಯುಟಿಎಫ್-8 ಅನ್ನೇ ಹಿಡಿಯುವ ನಿಯಮ ಜಾವಾಗೆ ಬಂದದ್ದು 18ನೇ ಆವೃತ್ತಿಯಲ್ಲಿ, 2022ರ ಮಾರ್ಚ್‌ನಲ್ಲಿ.

ನೇರ ದಾರಿ ಜಾವಾದಲ್ಲಿ ಮೊದಲಿನಿಂದಲೂ ಇದೆ. ಸಾಜ್ ಎಂಬ ಲೈಬ್ರರಿಯಲ್ಲಿ ಬಾಡಿಗೆ ಒಂದು ಡಾಕ್ಯುಮೆಂಟನ್ನು ಡಾಕ್ಯುಮೆಂಟ್ ಆಗಿಯೇ ಸೇರಿಸುವ ಮೆಥಡ್ ಉಂಟು. ಜಾಕ್ಸ್-ಡಬ್ಲ್ಯುಎಸ್‌ನಲ್ಲಿ ಕಳಿಸುವವರಿಗೆ ಡಿಸ್ಪ್ಯಾಚ್, ಪಡೆಯುವವರಿಗೆ ಪ್ರೊವೈಡರ್ ಎಂಬ ಜೋಡಿ ಇದೆ. ಇವು ಎಕ್ಸ್‌ಎಂಎಲ್ಲನ್ನು ಆಬ್ಜೆಕ್ಟ್ ಮಾಡಲು ಹೋಗದೆ ಇದ್ದಂತೆಯೇ ಕೈಗೆ ಕೊಡುತ್ತವೆ. ಅದಕ್ಕೂ ಉತ್ತಮವಾದದ್ದು, ಮೊದಲು ಸ್ಕೀಮಾ ಮತ್ತು ವಿಜ್‌ಡಲ್ ಬರೆದು ಇಬ್ಬರೂ ಒಪ್ಪಿ, ಆಮೇಲೆ ಅದರಿಂದ ಜಾವಾ ಕೋಡ್ ಹುಟ್ಟಿಸುವುದು. ವಿಜ್‌ಡಲ್ ಕೊಟ್ಟರೆ ಜಾವಾ ಕ್ಲಾಸುಗಳನ್ನು ತಾನೇ ಬರೆದುಕೊಡುವ ಡಬ್ಲ್ಯುಎಸ್-ಇಂಪೋರ್ಟ್ ಎಂಬ ಉಪಕರಣ ಇದ್ದದ್ದೇ ಇದಕ್ಕೆ. ಅನೇಕ ತಂಡಗಳು ಇದನ್ನು ತಲೆಕೆಳಗು ಮಾಡುತ್ತವೆ: ಕೋಡ್ ಮೊದಲು, ಅದರಿಂದ ವಿಜ್‌ಡಲ್. ನಾಳೆ ಯಾರೋ ಕೋಡಿನಲ್ಲಿ ಒಂದು ಹೆಸರು ಬದಲಿಸಿದರೆ, ಹೊರಗಿನವರ ಜೊತೆಗಿನ ಕರಾರೇ ಸದ್ದಿಲ್ಲದೆ ಬದಲಾಗಿರುತ್ತದೆ.

ಸ್ಕ್ಯಾನ್ ಮಾಡಿದ ಕಡತ, ಎಕ್ಸ್‌ರೇ ಚಿತ್ರದಂಥವು ಅಕ್ಷರಗಳಲ್ಲ. ಅವನ್ನು ಎಕ್ಸ್‌ಎಂಎಲ್ ಒಳಗೆ ಇಡಲು ಬೇಸ್64 ಎಂಬ ಕ್ರಮದಲ್ಲಿ ಅಕ್ಷರವಾಗಿಸಬೇಕು. ಮೂರು ಬೈಟ್‌ಗೆ ನಾಲ್ಕು ಅಕ್ಷರ, ಅಂದರೆ 9 ಎಂಬಿ ಕಡತ 12 ಎಂಬಿ. ಇದಕ್ಕೆ 2005ರಲ್ಲೇ ಎಂಟಾಮ್ ಎಂಬ ಮಾನಕ ಬಂತು. ಲಕೋಟೆಯೊಳಗೆ ಒಂದು ಗುರುತು ಚೀಟಿ, ಚಿತ್ರ ಮಾತ್ರ ಹೊರಗೆ ಲಗತ್ತಾಗಿ. ಜಾವಾದಲ್ಲಿ ಇದಕ್ಕೆ ಬೇಕಾದದ್ದು ಒಂದು ಸಾಲಿನ ಸೂಚನೆ.

ಬ್ರಸೆಲ್ಸ್‌ನ ಕಿಟಕಿ

ಕರಾರು ಚೆನ್ನಾಗಿದ್ದರೆ ಸೋಪ್ ಎಷ್ಟು ಚಿಕ್ಕದಾಗಿ, ಚೊಕ್ಕವಾಗಿ ಇರಬಲ್ಲದು ಎಂಬುದಕ್ಕೆ ಯುರೋಪಿಯನ್ ಆಯೋಗದ ವೈಸ್ ಸೇವೆ ಒಳ್ಳೆಯ ಉದಾಹರಣೆ. ಬೆಲ್ಜಿಯಂನ ವ್ಯಾಪಾರಿ ಇಟಲಿಯವನಿಗೆ ಸರಕು ಮಾರುವಾಗ ಆತನ ವ್ಯಾಟ್ ಸಂಖ್ಯೆ ನಿಜವೋ ಎಂದು ನೋಡಬೇಕು; ಇಲ್ಲದಿದ್ದರೆ ತೆರಿಗೆ ತನ್ನ ತಲೆಗೆ. ಪ್ರಶ್ನೆಯ ಕಾಗದದಲ್ಲಿ ಎರಡೇ ಖಾನೆ: ದೇಶದ ಕೋಡ್, ವ್ಯಾಟ್ ಸಂಖ್ಯೆ. ಉತ್ತರದಲ್ಲಿ ಅವೆರಡರ ಜೊತೆಗೆ ಕೇಳಿದ ದಿನಾಂಕ, ಸಿಂಧು ಹೌದೋ ಅಲ್ಲವೋ, ಹೆಸರು, ವಿಳಾಸ. ಜರ್ಮನಿಯಂಥ ಕೆಲವು ದೇಶಗಳು ಹೆಸರು ವಿಳಾಸ ಬಿಟ್ಟುಕೊಡುವುದಿಲ್ಲ, ಆ ಖಾನೆಗಳಲ್ಲಿ ಬರಿ ಗೆರೆ. ಬ್ರಸೆಲ್ಸ್‌ನಲ್ಲಿ ಯಾವ ದಾಸ್ತಾನೂ ಇಲ್ಲ, ಪ್ರಶ್ನೆ ಆಯಾ ದೇಶದ ತೆರಿಗೆ ಇಲಾಖೆಗೇ ಹೋಗಿ ಬರುತ್ತದೆ.

ನನಗೆ ಇದರಲ್ಲಿ ಹಿಡಿಸುವುದು ಸೋಲನ್ನು ಹೇಳುವ ರೀತಿ. ಕೇಳಿದ್ದೇ ತಪ್ಪಾಗಿದ್ದರೆ ಒಂದು ಫಾಲ್ಟ್. ಆ ದೇಶದ ಕಂಪ್ಯೂಟರ್ ಈಗ ಸಿಗುತ್ತಿಲ್ಲ ಎಂದರೆ ಇನ್ನೊಂದು. ಹೊತ್ತು ಮೀರಿತು ಎಂದರೆ ಮತ್ತೊಂದು. 'ಸಂಖ್ಯೆ ಸಿಂಧುವಲ್ಲ' ಎಂಬುದು ಉತ್ತರ; 'ಇಟಲಿ ಈಗ ಮಾತಾಡುತ್ತಿಲ್ಲ' ಎಂಬುದು ಫಾಲ್ಟ್. ಈ ಎರಡನ್ನು ಬೆರೆಸಿದರೆ ಪ್ರಾಮಾಣಿಕ ಗಿರಾಕಿಯೊಬ್ಬ ಕಳ್ಳನಾಗಿಬಿಡುತ್ತಾನೆ. ಜಾವಾದಲ್ಲಿ ಬರೆದವನು, ಪಿಎಚ್‌ಪಿಯಲ್ಲಿ ಬರೆದವಳು, ಇಪ್ಪತ್ತು ವರ್ಷದ ಹಿಂದಿನ ಡೆಲ್ಫಿ ಇಟ್ಟುಕೊಂಡವರು, ಎಲ್ಲರೂ ಆ ಒಂದೇ ವಿಜ್‌ಡಲ್ ಇಳಿಸಿಕೊಂಡು, ಆಯೋಗದ ಯಾರನ್ನೂ ಫೋನಿನಲ್ಲಿ ಕಾಡದೆ ಕೆಲಸ ಮುಗಿಸಬಹುದು.

ಹಾಗಾದರೆ ಜಗತ್ತು ಯಾಕೆ ಬಿಟ್ಟಿತು?

ಇಲ್ಲಿಗೆ ಪ್ರತಿವಾದಿಗಳು ಎದ್ದು ನಿಲ್ಲಬೇಕು. ಅಷ್ಟು ಒಳ್ಳೆಯದಾಗಿದ್ದರೆ ಗೂಗಲ್ ತನ್ನ ಸೋಪ್ ಹುಡುಕಾಟ ಸೇವೆಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು 2006ರ ಡಿಸೆಂಬರಿನಲ್ಲೇ ನಿಲ್ಲಿಸಿದ್ದೇಕೆ? 2018ರ ಜಾವಾ 11 ತನ್ನ ಹೊಟ್ಟೆಯಿಂದ ಜಾಕ್ಸ್-ಡಬ್ಲ್ಯುಎಸ್ಸನ್ನು ಹೊರಹಾಕಿದ್ದೇಕೆ? ನಮ್ಮ ಆದಾಯ ತೆರಿಗೆ ಇಲಾಖೆ, ಎಕ್ಸ್‌ಎಂಎಲ್ ಹೊರಡಿಸುತ್ತಿದ್ದ ಜಾವಾ ಮತ್ತು ಎಕ್ಸೆಲ್ ಉಪಕರಣಗಳನ್ನು ಬಿಟ್ಟು 2021-22ರ ಅಸೆಸ್‌ಮೆಂಟ್ ವರ್ಷದಿಂದ ಜೇಸನ್ ಎಂಬ ಇನ್ನೊಂದು ಮಾಹಿತಿ ನಮೂನೆಗೆ ಹೊರಳಿದ್ದೇಕೆ? ಜಿಎಸ್‌ಟಿಯ ಇ-ಇನ್‌ವಾಯ್ಸ್ ಕೂಡ ಜೇಸನ್. ಮೊಬೈಲಿನಲ್ಲಿ, ಬ್ರೌಸರಿನಲ್ಲಿ ಓದಲು ಜೇಸನ್ ಹಗುರ. ಮುಚ್ಚುವ ಟ್ಯಾಗ್‌ಗಳ ಕಾಟವಿಲ್ಲ. ಒಂದು ಊರಿನ ಹವಾಮಾನ ಕೇಳಲು ಕರಾರುಪತ್ರ, ಸ್ಕೀಮಾ, ಲಕೋಟೆ ಯಾಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬೇಡ. ಅಲ್ಲಿ ಸೋಪ್ ಸೋತದ್ದು ನ್ಯಾಯವೇ. ಜೊತೆಗೆ, ಭದ್ರತೆಗೊಂದು, ವಿಳಾಸಕ್ಕೊಂದು, ತಲುಪಿದ ಖಾತ್ರಿಗೊಂದು ಎಂದು ಸೋಪ್ ಸುತ್ತ ಸಮಿತಿಗಳು ಪೇರಿಸಿದ ಮಾನಕಗಳ ರಾಶಿಯನ್ನು ಸಮರ್ಥಿಸುವುದೂ ನನ್ನಿಂದಾಗದು.

ಭದ್ರತೆಯ ಆಕ್ಷೇಪ ಇನ್ನೂ ಗಟ್ಟಿ. ಸೋಪ್ ಸಂದೇಶದ ಒಂದು ಭಾಗಕ್ಕೆ ಮಾತ್ರ ಡಿಜಿಟಲ್ ಸಹಿ ಹಾಕಬಹುದು. ಸಹಿಯಾದ ಭಾಗವನ್ನು ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಬೇರೆ ಕಾಗದ ಇಟ್ಟು ಮೋಸ ಮಾಡಬಹುದೆಂದು ಸಂಶೋಧಕರು 2005ರಲ್ಲೇ ಎಚ್ಚರಿಸಿದ್ದರು. 2011ರಲ್ಲಿ ಜರ್ಮನಿಯ ಬೋಕುಮ್‌ನ ರೂರ್ ವಿಶ್ವವಿದ್ಯಾಲಯದವರು ಅಮೆಜಾನ್‌ನ ಕ್ಲೌಡ್ ಸೇವೆಯ ಸೋಪ್ ಕಿಟಕಿಯಲ್ಲಿ ಅದನ್ನು ಮಾಡಿಯೇ ತೋರಿಸಿದರು, ಕಂಪನಿ ದೋಷ ಸರಿಪಡಿಸಿತು. ಇನ್ನೊಂದು ಅಪಾಯ ಎಕ್ಸ್‌ಎಂಎಲ್‌ನ ಡಿಟಿಡಿ ಎಂಬ ಹಳೆಯ ಸೌಲಭ್ಯದ್ದು. ಅದನ್ನು ಬಳಸಿ ಹತ್ತಾರು ಸಾಲಿನ ಒಂದು ಕಾಗದವನ್ನು ಓದುವಾಗಲೇ ನೂರು ಕೋಟಿ ಪದಗಳಾಗಿ ಉಬ್ಬಿಸಿ ಸರ್ವರ್ ಮಲಗಿಸಬಹುದು. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಸೋಪ್ ಸಂದೇಶದಲ್ಲಿ ಡಿಟಿಡಿ ಕೂಡದು ಎಂದು 1.1ನೇ ಆವೃತ್ತಿಯೇ 2000ದಲ್ಲಿ ಖಂಡಿತವಾಗಿ ಹೇಳಿತ್ತು. ಬಾಗಿಲು ಮುಚ್ಚಿತ್ತು. ಅದನ್ನು ಮತ್ತೆ ತೆರೆಯುವವರು ನಮ್ಮ 'ಸ್ಟ್ರಿಂಗ್' ಪ್ರಿಯರು: ಲಕೋಟೆಯ ಕಣ್ಣಿಗೆ ಅದು ಬರಿ ಅಕ್ಷರ, ತಡೆಯದೆ ಒಳಗೆ ಬಿಡುತ್ತದೆ, ಒಳಗೆ ಹೋದಮೇಲೆ ಅದನ್ನು ಜಾವಾದ ಸಾಮಾನ್ಯ ಪಾರ್ಸರ್ ಎರಡನೇ ಸಲ ಓದುತ್ತದೆ, ಅದಕ್ಕೆ ಡಿಟಿಡಿ ಬೇಡವೆಂದು ಯಾರೂ ಹೇಳಿರುವುದಿಲ್ಲ.

ಹೊರಳಿದವರು ಕರಾರನ್ನು ಬಿಟ್ಟರೇ ಎಂದು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಆಧಾರ್ ದೃಢೀಕರಣ ಮತ್ತು ಯುಪಿಐ ಎರಡೂ ಸೋಪ್ ಲಕೋಟೆ ಬಳಸುವುದಿಲ್ಲ. ಆದರೆ ಎರಡರ ಕಾಗದವೂ ಎಕ್ಸ್‌ಎಂಎಲ್, ಎರಡರ ಮೇಲೂ ಡಿಜಿಟಲ್ ಸಹಿ, ಎರಡಕ್ಕೂ ಯಾವ ಖಾನೆಯಲ್ಲಿ ಏನಿರಬೇಕೆಂಬ ಬಿಗಿ ನಿಯಮ. ಜೇಸನ್ ಲೋಕ ಮೊದಲು ಸ್ಕೀಮಾ ಯಾಕೆಂದು ನಕ್ಕಿತು. ಆಮೇಲೆ ಜೇಸನ್ ಸ್ಕೀಮಾ ಬಂತು. ವಿಜ್‌ಡಲ್ ಯಾಕೆಂದಿತು, ಅದೇ ಕೆಲಸಕ್ಕೆ ಓಪನ್‌ಎಪಿಐ ಬಂತು. ಲಕೋಟೆಗೆ ಸಹಿ ಯಾಕೆಂದಿತು. 2015ರಲ್ಲಿ ಜೇಸನ್‌ಗೂ ಸಹಿಯ ಮಾನಕ ಬಂತು. ಜಿಎಸ್‌ಟಿ ಇ-ಇನ್‌ವಾಯ್ಸ್ ತುಂಬುವವರನ್ನು ಕೇಳಿ, ಅದರ ಸ್ಕೀಮಾ ಎಷ್ಟು ಕಟ್ಟುನಿಟ್ಟೆಂದು ಹೇಳುತ್ತಾರೆ. ಟ್ರಂಕು ಹೋಗಿ ಸೂಟ್‌ಕೇಸ್ ಬಂದಿದೆ, ಬೀಗ ಹಾಗೇ ಇದೆ.

ಜಾವಾ 11ರಿಂದ ಹೊರಬಿದ್ದ ಭಾಗಗಳೂ ಸತ್ತಿಲ್ಲ. ಮೆಟ್ರೋ, ಅಪಾಚೆ ಸಿಎಕ್ಸ್‌ಎಫ್‌ನಂಥ ಲೈಬ್ರರಿಗಳಾಗಿ ಪ್ರತ್ಯೇಕ ಸಿಗುತ್ತವೆ. ಜಾವಾದ ಉದ್ಯಮ ಆವೃತ್ತಿ ಜಕಾರ್ತಾ ಎಂದು ಹೆಸರು ಬದಲಿಸಿಕೊಂಡ ಮೇಲೆ ಕೋಡಿನ ಸಾವಿರಾರು ಸಾಲುಗಳಲ್ಲಿ 'ಜಾವಾಎಕ್ಸ್' ಇದ್ದಲ್ಲಿ 'ಜಕಾರ್ತಾ' ಎಂದು ತಿದ್ದುವ ಬೇಸರದ ಕೆಲಸ ಮಾತ್ರ ತಂಡಗಳ ಪಾಲಿಗೆ ಬಂದಿದೆ. ಗಮನಿಸಬೇಕಾದ್ದೆಂದರೆ, ಹೀಗೆ ಒಳಗಿನ ಕೋಡ್ ಎಷ್ಟೇ ಬದಲಾದರೂ ಹೊರಗೆ ಹೋಗುವ ಲಕೋಟೆಯ ಒಂದಕ್ಷರವೂ ಬದಲಾಗಬೇಕಿಲ್ಲ.

ಉತ್ತರ ಬಾರದಿದ್ದಾಗ

ಕಾಗದಕ್ಕೂ ಕರೆಗೂ ಇರುವ ಕೊನೆಯ ವ್ಯತ್ಯಾಸ ಕಾಣುವುದು ಏನೂ ಕಾಣದಿದ್ದಾಗ. ಜಾವಾ ಪ್ರೋಗ್ರಾಂ ಸಂದೇಶ ಕಳಿಸಿ ಮೂವತ್ತು ಸೆಕೆಂಡ್ ಕಾದು, ಉತ್ತರವಿಲ್ಲದೆ ಕೈಚೆಲ್ಲಿತು ಎನ್ನಿ. ಆ ಕಡೆಯವರಿಗೆ ಕಾಗದ ತಲುಪಲೇ ಇಲ್ಲವೇ? ತಲುಪಿ, ಹಣ ಜಮೆಯಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೇ? ವಾಲ್ಡೋ ಮತ್ತು ಗೆಳೆಯರು ಹೇಳಿದ ಅರ್ಧ ಕೆಟ್ಟ ಸ್ಥಿತಿ ಇದೇ. ಬರಿ ಮೆಥಡ್ ಕರೆದವರಿಗೆ ಇಲ್ಲಿ ದಾರಿಯಿಲ್ಲ. ಮತ್ತೆ ಕರೆದರೆ ಎರಡು ಸಲ ಹಣ ಹೋದೀತು, ಕರೆಯದಿದ್ದರೆ ಒಂದು ಸಲವೂ ಹೋಗದಿರಬಹುದು. ಕಾಗದ ಕಳಿಸಿದವರು ಅದರ ಮೇಲೆ ನಂಬರು ಹಾಕಿಯೇ ಕಳಿಸಿರುತ್ತಾರೆ. ಅದೇ ಕಾಗದವನ್ನು ಅದೇ ನಂಬರಿನಲ್ಲಿ ಇನ್ನೊಮ್ಮೆ ಕಳಿಸಿದರೆ, ಮೊದಲೇ ನೋಡಿದವರು ದಾಖಲೆ ತೆಗೆದು 'ಇದು ಬಂದಿದೆ' ಎನ್ನಬಹುದು. ಐಎಸ್‌ಒ 20022 ಸಂದೇಶದಲ್ಲಿ ಹೀಗೆ ಒಂದಲ್ಲ, ಹಲವು ಗುರುತಿನ ಖಾನೆಗಳಿವೆ: ಸಂದೇಶದ್ದೊಂದು, ಈ ತುದಿಯಿಂದ ಆ ತುದಿವರೆಗೆ ಬದಲಾಗದೆ ಸಾಗುವುದೊಂದು.

ದಾವಣಗೆರೆಯ ವ್ಯಾಪಾರಿ ದೋಸೆ ಮುಗಿಸುವಷ್ಟರಲ್ಲಿ ಸೂರತ್ತಿನಿಂದ ಫೋನು: ದುಡ್ಡು ಇನ್ನೂ ಕಾಣುತ್ತಿಲ್ಲವಲ್ಲ ಸೇಠ್‌ಜೀ. ಅವರು ವಾದಕ್ಕೆ ಇಳಿಯುವುದಿಲ್ಲ. ಎಣ್ಣೆ ಕೈಯನ್ನು ಒರೆಸಿಕೊಂಡು, ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ತೆರೆದು, ಆ ಪಾವತಿಯ ಗುರುತು ನಂಬರಾದ ಯುಟಿಆರ್‌ನ ಇಪ್ಪತ್ತೆರಡು ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳತೊಡಗುತ್ತಾರೆ.